ಮಗು ಬಿಲ್ಯಾನಾಳ ನಿದ್ರೆಗಾಗಿ ಎಲೆಕೋಸಿನ ಪೀಪಾಯಿ ಊದುವ ಕುರಿತು

ಮೆಟ್ಟಿಲು ಆಡಳಿತ
ಹದಿನಾಲ್ಕನೇ ಕಟ್ಟಡ, ಮೂರನೇ ಬಾಗಿಲು, ಡ್ಯಾನ್ಯೂಬ್ ಬಡಾವಣೆ

ಸಂಖ್ಯೆ: ಮೆ.ಆ./ನಿದ್ರೆ/07
ದಿನಾಂಕ: ನವೆಂಬರ್ 16, ಶನಿವಾರ

ವಿಷಯ: ನಾಲ್ಕನೇ ಮಹಡಿ, 16ನೇ ಮನೆಯ ಮಗುವಿನ ಮಧ್ಯಾಹ್ನದ ನಿದ್ರೆಗಾಗಿ 15ನೇ ಮನೆಯ ಬಾಲ್ಕನಿಯಲ್ಲಿರುವ ಉಪ್ಪುನೀರಿನಲ್ಲಿ ಹಾಕಿಟ್ಟ ಎಲೆಕೋಸಿನ ಪೀಪಾಯಿಯನ್ನು ಸರದಿಯ ಮೇಲೆ ಊದುವ ಬಗ್ಗೆ.

ಉಲ್ಲೇಖ:
(ಅ) ಸುತ್ತೋಲೆ 01: 16ನೇ ಮನೆಯ ಕರೆಗಂಟೆ ಒತ್ತಬಾರದೆಂಬುದು.
(ಆ) ಸುತ್ತೋಲೆ 04: ಸುತ್ತೋಲೆ 01ಕ್ಕೆ ಸಹಿ ಪಡೆಯಲು 16ನೇ ಮನೆಯ ಕರೆಗಂಟೆ ಒತ್ತಿದ ಅಧಿಕಾರಿಗೆ ಛೀಮಾರಿ. (ಸದರಿ ಅಧಿಕಾರಿ ಈ ಕೆಳಗೆ ಸಹಿ ಮಾಡಿದವರೇ ಆಗಿರುತ್ತಾರೆ.)
(ಇ) ಒಂಬತ್ತನೇ ಮಾರ್ಗದ ಟ್ರಾಲಿಬಸ್ಸಿನಲ್ಲಿ ಅಕ್ಟೋಬರ್ 29ರಂದು ನಡೆದದ್ದು.

ಪ್ರಸ್ತಾವನೆ

16ನೇ ಮನೆಯ ಶ್ರೀಮತಿ ರಾದೋಸ್ತಿನಾ ಅವರ ಮಗಳು ಬಿಲ್ಯಾನಾ, ವಯಸ್ಸು ಹದಿನಾಲ್ಕು ತಿಂಗಳು, ಸೆಪ್ಟೆಂಬರ್‌ನಲ್ಲಿ ಶಿಶುವಿಹಾರಕ್ಕೆ ಸೇರಿದ್ದು, ಅಂದಿನಿಂದ ಈವರೆಗೆ ಐದು ನೆಗಡಿ, ಎರಡು ಕಿವಿನೋವು ಹಾಗೂ ಹೆಸರಿಲ್ಲದ ಒಂದು ಜ್ವರವನ್ನು ಮನೆಗೆ ತಂದಿರುತ್ತಾಳೆ. ಎರಡು ದಿನ ಶಿಶುವಿಹಾರ, ಹತ್ತು ದಿನ ಹಾಸಿಗೆ. ಮಲಗಿಸಿದರೆ ಮೂಗು ಕಟ್ಟುತ್ತದೆ, ಎತ್ತಿಕೊಂಡರೆ ಕೆಮ್ಮು ಬರುತ್ತದೆ. ತಂದೆ ಒಗ್ನ್ಯಾನ್ ನದಿಯ ಸರಕು ದೋಣಿಯಲ್ಲಿ ಕೆಲಸ ಮಾಡುವವರು. ಮೂರು ವಾರಕ್ಕೊಮ್ಮೆ ಮನೆಗೆ ಬಂದು ತಾವೇ ಮೊದಲು ಮಲಗಿಬಿಡುತ್ತಾರೆ.

ಶ್ರೀಮತಿ ರಾದೋಸ್ತಿನಾ ಅವರು ಒಂಬತ್ತನೇ ಮಾರ್ಗದ ಚಾಲಕಿ. ಈ ಮೆಟ್ಟಿಲು ಬಳಸುವ ಮನೆಗಳ ಅರ್ಧ ಜನ ಕೆಲಸಕ್ಕೆ ಹೋಗುವುದು ಅದೇ ಬಸ್ಸಿನಲ್ಲಿ. ಒಂಬತ್ತು ದಿನ ಸರಿಯಾಗಿ ಕಣ್ಣು ಮುಚ್ಚದ ಅವರು ಅಕ್ಟೋಬರ್ 29ರಂದು ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಸ್ಟೇರಿಂಗ್ ಮೇಲೆ ತಲೆಯಿಟ್ಟು ನಿದ್ರೆ ಹೋದರು. ಒಳಗಿದ್ದ ಇಪ್ಪತ್ತಮೂರು ಜನರಲ್ಲಿ ಒಬ್ಬರೂ ಏಳಲಿಲ್ಲ. ಎದ್ದರೆ ಬಸ್ಸಿನ ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ನಲವತ್ತು ನಿಮಿಷ ಹಾಗೆಯೇ ಕೂತಿದ್ದರು. ಈ ಅಧಿಕಾರಿಯೂ ಅವರಲ್ಲಿ ಒಬ್ಬರು. ಡಿಪೋದ ಮೇಲ್ವಿಚಾರಕರು, "ಇನ್ನೊಂದ್ ಸಲ ಹೀಗಾದ್ರೆ ಸ್ಟೇರಿಂಗ್ ಮುಟ್ಟಕ್ಕೆ ಬಿಡಲ್ಲಮ್ಮ, ಟಿಕೆಟ್ ಗೂಡಲ್ಲಿ ಕೂರಿಸ್ತೀನಿ" ಎಂದಿರುತ್ತಾರೆ. ಅಂದಿನಿಂದ ಶ್ರೀಮತಿ ರಾದೋಸ್ತಿನಾ ಅವರು ಹಾಕಿರುವ ರಜೆ ನಾಳೆಗೆ ಮುಗಿಯುತ್ತದೆ. ಸೋಮವಾರ ಬೆಳಗ್ಗೆ ಐದಕ್ಕೆ ಬಸ್ಸು ಹೊರಡಬೇಕು. ಅಷ್ಟರೊಳಗೆ ಆ ತಾಯಿ ನಿದ್ರೆ ಮಾಡಬೇಕು. ಈ ಸುತ್ತೋಲೆಯ ಉದ್ದೇಶ ಇಷ್ಟೇ.

ಆದೇಶ

1. ಕರೆಗಂಟೆ ಒತ್ತಬಾರದೆಂಬ ಆದೇಶ ಹೊರಡಿಸಿದ ನಂತರವೂ ಎರಡು ದಿನಗಳಲ್ಲಿ ಹನ್ನೊಂದು ಸಲ ಗಂಟೆ ಬಾರಿಸಿರುವುದು ಕಂಡುಬಂದಿದೆ. ಇದರಲ್ಲಿ ಎಂಟು ಸಲ ಕೇಳಿದ್ದು "ಮಗು ಮಲಗ್ತಾ?" ಎಂದು. ಮಲಗಿತ್ತು. ಇನ್ನು ಮುಂದೆ ಈ ಪ್ರಶ್ನೆಯನ್ನು ಯಾರೂ, ಯಾವ ಮಹಡಿಯಲ್ಲೂ, ಪ್ರೀತಿಯಿಂದಲೂ ಕೇಳಕೂಡದೆಂದು ಈ ಮೂಲಕ ಸೂಚಿಸಲಾಗಿದೆ.

2. ಹೆಬ್ಬಾತಿನ ಕೊಬ್ಬು, ವಿನೆಗರ್‌ನಲ್ಲಿ ಅದ್ದಿದ ಕಾಲುಚೀಲ, ಎದೆಗೆ ತಿಕ್ಕುವ ಹಣ್ಣಿನ ಸಾರಾಯಿ ಇವುಗಳನ್ನು ನೆಗಡಿಗೆ ಮನೆಮದ್ದೆಂದು ಹಿಡಿದುಕೊಂಡು ನಾಲ್ಕನೇ ಮಹಡಿ ಹತ್ತುವುದನ್ನು ನಿಷೇಧಿಸಲಾಗಿದೆ. ವೈದ್ಯರು ಹೇಳಿರುವುದು ಮೂಗಿಗೆ ಉಪ್ಪುನೀರಿನ ಹನಿ ಮತ್ತು ತಾಳ್ಮೆ. 11ನೇ ಮನೆಯ ಸೋನಾ ಅಜ್ಜಿಯವರು "ನಾನು ಮೂರ್ ಮಕ್ಕಳನ್ನ ಈ ಕೊಬ್ಬಲ್ಲೇ ಬೆಳೆಸಿದ್ದು ಕಣೋ ಪರ್ವಾನ್, ನಿನ್ನ ಎದೆಗೂ ನಾನೇ ತಿಕ್ಕಿದ್ದು" ಎಂದು ಈ ಅಧಿಕಾರಿಗೆ ಆಕ್ಷೇಪಣೆ ಸಲ್ಲಿಸಿದ್ದಾರೆ. ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಸಾರಾಯಿಯನ್ನು ಆಡಳಿತವು ವಶಪಡಿಸಿಕೊಂಡಿದೆ.

3. ನವೆಂಬರ್ 7ರ ಗುರುವಾರ ಮಧ್ಯಾಹ್ನ 2-20ಕ್ಕೆ, ಅಂದರೆ ಎರಡರಿಂದ ನಾಲ್ಕರವರೆಗಿನ ಮೌನದ ಅವಧಿಯಲ್ಲಿ, 15ನೇ ಮನೆಯ ಸ್ಟಾಮೆನ್ ಅವರು ಚಳಿಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಟ್ಟ ಎಲೆಕೋಸಿನ ಪೀಪಾಯಿಗೆ ರಬ್ಬರ್ ಕೊಳವೆ ಇಳಿಸಿ ಊದುತ್ತಿದ್ದರು. ದಿನಾ ಊದಿ ನೀರು ತಿರುವಿ ಹಾಕದಿದ್ದರೆ ಕೋಸು ಕೊಳೆಯುತ್ತದೆ, ಅದು ಸರಿಯೇ. ಆದರೆ ಮೌನದ ಅವಧಿಯಲ್ಲಿ ಊದುವುದು ತಪ್ಪು. ಬೈಯಲೆಂದು ಈ ಅಧಿಕಾರಿ ಮೂರು ಮಹಡಿ ಓಡಿ ಹತ್ತಿ ಹೋದಾಗ, ಬಾಯಲ್ಲಿ ಕೊಳವೆಯಿದ್ದ ಸ್ಟಾಮೆನ್ ಮಾತಾಡಲಾಗದೆ ಪಕ್ಕದ ಗೋಡೆಯತ್ತ ಬೆರಳು ತೋರಿಸಿದರು. ಒಂದು ಗಂಟೆಯಿಂದ ಅಳುತ್ತಿದ್ದ ಮಗು ಸುಮ್ಮನಾಗಿತ್ತು. ಒಂದು ಗಂಟೆ ಐವತ್ತು ನಿಮಿಷ ಮಲಗಿತು.

4. ಮರುದಿನ ಊದಲಿಲ್ಲ: ನಿದ್ರೆ ಹನ್ನೊಂದು ನಿಮಿಷ. ಅದರ ಮರುದಿನ ಊದಿದರು: ಎರಡು ಗಂಟೆ. ಬಟ್ಟೆ ಒಗೆಯುವ ಯಂತ್ರ: ಆರು ನಿಮಿಷ. ಮೀನಿನ ತೊಟ್ಟಿಯ ಮೋಟಾರು: ಮಗುವಿಗೆ ಮೋಸ ಗೊತ್ತಾಯಿತು. ಈ ಅಧಿಕಾರಿಯ ಜೋಗುಳ: ಫಲಿತಾಂಶವನ್ನು ದಾಖಲಿಸಿಲ್ಲ. ಆದುದರಿಂದ ಮನುಷ್ಯರ ಉಸಿರಿನಿಂದ, ನಡುನಡುವೆ ನಿಲ್ಲಿಸಿ ಊದಿದ ಬುಳುಬುಳು ಸದ್ದು ಮಾತ್ರ ಪರಿಣಾಮಕಾರಿ ಎಂದು ತೀರ್ಮಾನಿಸಲಾಗಿದೆ.

5. ಅದರಂತೆ, ಈ ವಾರ ಬಾಯಿಮಾತಿನಲ್ಲೇ ನಡೆದ ಸರದಿಯನ್ನು ಕಾಯಂಗೊಳಿಸಿ, ಪ್ರತಿ ಮನೆಯಿಂದ ಒಬ್ಬರು ಇಪ್ಪತ್ತು ನಿಮಿಷ ಊದತಕ್ಕದ್ದು. ತಲೆ ಸುತ್ತುವವರಿಗೆ ಕುರ್ಚಿ ಒದಗಿಸಲಾಗುವುದು. ಕೊಳವೆಯ ತುದಿಯನ್ನು ಒರೆಸಿ, ಮಾತಿಲ್ಲದೆ, ರಿಲೇ ಓಟದ ಕೋಲಿನಂತೆ ಮುಂದಿನವರಿಗೆ ದಾಟಿಸತಕ್ಕದ್ದು. ನೆಗಡಿ ಇರುವವರು ಊದಕೂಡದು. ಊದುವುದನ್ನು ತಪ್ಪಿಸಿಕೊಳ್ಳಲು ನೆಗಡಿ ಬರಿಸಿಕೊಂಡವರು ನನ್ನ ಕಣ್ಣಿಗೆ ಬೀಳಕೂಡದು.

6. ಊದುವಾಗ ನಗಕೂಡದು. ನವೆಂಬರ್ 12ರಂದು 9ನೇ ಮನೆಯ ಜೋರ್ನಿತ್ಸಾ ಅವರು ಎದುರು ಬಾಲ್ಕನಿಯಲ್ಲಿ ಗಂಡ ಸೊಟ್ಟಗೆ ಮಾಡಿದ ಮುಖ ನೋಡಿ ನಕ್ಕಿದ್ದರಿಂದ ಉಪ್ಪುನೀರು ಮೂಗಿಗೆ ಹೋಗಿ, ಅವರು ಸೀನಿದ್ದಕ್ಕೆ ಮಗು ಎದ್ದಿತು. ಗಂಡನಿಗೆ ಎರಡು ಸರದಿ ಹೆಚ್ಚುವರಿಯಾಗಿ ವಿಧಿಸಲಾಗಿದೆ. ಆ ಹೊತ್ತಿನಲ್ಲಿ ಮುಖ ಸೊಟ್ಟ ಮಾಡುವುದಕ್ಕೂ ಪೂರ್ವಾನುಮತಿ ಅಗತ್ಯ.

7. ಸದರಿ ಪೀಪಾಯಿಯ ಎಲೆಕೋಸು ಸೇವೆಯಲ್ಲಿರುವುದರಿಂದ ಅದನ್ನು ತಿನ್ನಕೂಡದು. ನವೆಂಬರ್ 13ರಂದು ಸ್ಟಾಮೆನ್ ಅವರ ಪತ್ನಿ ಎರಡು ಕೋಸು ಹೊರತೆಗೆದದ್ದರಿಂದ ಸದ್ದು ತೆಳುವಾಗಿ ಮಗು ಎದ್ದಿತು. ವಿಚಾರಣೆಯಲ್ಲಿ "ರುಚಿ ನೋಡಕ್ಕೆ ತೆಗ್ದೆ" ಎಂದರು. ಎರಡು ಇಡೀ ಕೋಸಿನ ರುಚಿ? ತೂಕ ನೋಡಿ ಅಷ್ಟೇ ಗಾತ್ರದ ಎರಡನ್ನು ಮತ್ತೆ ಒಳಗಿಡಿಸಲಾಯಿತು. ಕ್ರಿಸ್‌ಮಸ್ಸಿಗೆ ಅನ್ನ ಮಾಂಸ ಸುತ್ತಲು ಎಲೆ ಬೇಕೆನ್ನುವವರು ಬೇರೆ ಪೀಪಾಯಿ ನೋಡಿಕೊಳ್ಳತಕ್ಕದ್ದು. ಮಗುವಿಗೆ ಕೋರೆಹಲ್ಲು ಬಂದ ನಂತರ ಕೋಸನ್ನು ಗೌರವಪೂರ್ವಕವಾಗಿ ನಿವೃತ್ತಿಗೊಳಿಸಲಾಗುವುದು.

8. ಸ್ಟಾಮೆನ್ ಅವರ ಮನವಿ: "ಪರ್ವಾನಣ್ಣ, ಕೋಸು ನಂದು, ಪೀಪಾಯಿ ನಂದು, ಬಾಲ್ಕನಿ ನಂದು. ನಂದಲ್ದೇ ಇರೋದು ಮಗು ಒಂದೇ." ಪರಿಶೀಲಿಸಲಾಯಿತು. ಮಗು ಯಾರೊಬ್ಬರದೂ ಅಲ್ಲ, ಸದ್ದು ಎಲ್ಲರಿಗೂ ಕೇಳುತ್ತದೆ. ಮನವಿದಾರರು ಮನವಿ ಸಲ್ಲಿಸಿದ ಮೇಲೆ ಹೋಗಿ ಒಂದು ಗಂಟೆ ಊದಿದ್ದನ್ನು ಆಡಳಿತ ಗಮನಿಸಿದೆ.

9. ಮಗು ಮಲಗಿದಾಗ ತಾಯಿಯೂ ಮಲಗತಕ್ಕದ್ದು. ಈ ಮೂರು ವಾರದಲ್ಲಿ ಒಂದು ದಿನವೂ ಹಾಗಾಗಿಲ್ಲ. ಮಗು ಮಲಗಿದ ಕೂಡಲೇ ಶ್ರೀಮತಿ ರಾದೋಸ್ತಿನಾ ಅವರು ಪಾತ್ರೆ ತೊಳೆಯುವುದು, ಚಿಕ್ಕ ಚಿಕ್ಕ ಕಾಲುಚೀಲ ಹಿಂಡುವುದು, ಉಸಿರಾಡುತ್ತಿದೆಯೇ ಎಂದು ಬಗ್ಗಿ ನೋಡುವುದು ಕಂಡುಬಂದಿದೆ. ಪಾತ್ರೆಯನ್ನು 14ನೇ ಮನೆಯವರು ತೊಳೆಯುವರು. ಉಸಿರನ್ನು ಒಂದು ನಿದ್ರೆಗೆ ಮೂರು ಸಲಕ್ಕಿಂತ ಹೆಚ್ಚು ನೋಡಕೂಡದು. ನಮ್ಮಿಂದ ಏನು ನೆರವು ಬೇಕೆಂದು ಲಿಖಿತವಾಗಿ ಕೇಳಿದ್ದಕ್ಕೆ ಅವರು ಮೆಟ್ಟಿಲ ಮೇಲೆ ಎದುರಾಗಿ ಕೊಟ್ಟ ಉತ್ತರ: "ಏನೂ ಬೇಡ ಪರ್ವಾನಣ್ಣ. ಎರಡು ಗಂಟೆ ಯಾರೂ ನನ್ನ ಏನೂ ಕೇಳ್ಬೇಡಿ, ಸಾಕು." ಅವರು ಹೇಳುತ್ತಾ ಹೇಳುತ್ತಾ ಗೋಡೆಗೆ ಒರಗಿದರು. ಇದನ್ನು ಕಡತದಲ್ಲಿ ಸೇರಿಸಲಾಗಿದೆ. ಇದನ್ನು ಓದಿಯೂ ಯಾರಾದರೂ ಗಂಟೆ ಒತ್ತಿದರೆ ಆ ಬೆರಳನ್ನು ನಾನು ನೋಡಿಕೊಳ್ಳುತ್ತೇನೆ.

10. ಈ ಆದೇಶವು ಈ ಕ್ಷಣದಿಂದಲೇ, ಮೆಲ್ಲಗೆ, ಜಾರಿಗೆ ಬರುತ್ತದೆ.

(ಸಹಿ)
ಪರ್ವಾನ್ ಕಿರ್ಚೆವ್
ಮೆಟ್ಟಿಲು ಆಡಳಿತಾಧಿಕಾರಿ, ಬಾಯ್ಲರ್ ದುರಸ್ತಿಯವರು

ಪ್ರತಿಗಳು:
1. ಸ್ಟಾಮೆನ್, 15ನೇ ಮನೆ: ಊದುತ್ತಲೇ ಓದಿಕೊಳ್ಳುವುದು.
2. ಸೋನಾ ಅಜ್ಜಿ, 11ನೇ ಮನೆ: ಕೊಬ್ಬಿನ ಡಬ್ಬಿಯೊಂದಿಗೆ ವಾಪಸ್.
3. ಡಿಪೋ ಮೇಲ್ವಿಚಾರಕರು: ನಾಚಿಕೆಗಾಗಿ.
4. ಶ್ರೀ ಒಗ್ನ್ಯಾನ್, ಸರಕು ದೋಣಿ: ಬರುವಾಗ ಹೊಸ ಕೊಳವೆ ತರುವುದು.
5. ಕುಮಾರಿ ಬಿಲ್ಯಾನಾ: ಮಾಹಿತಿಗಾಗಿ. ತಲುಪಿಸಲೆಂದು ಎಬ್ಬಿಸಕೂಡದು.
6. ಸೂಚನಾ ಫಲಕ: ಅಂಟಿಸಿಲ್ಲ.

(ಆರನೇ ಪ್ರತಿಯ ಕೆಳಗೆ ಪೆನ್ನಿನಲ್ಲಿ:) ಶನಿವಾರ, 2-50. ಅಂಟಿಸಲೆಂದು ನಾಲ್ಕನೇ ಮಹಡಿಗೆ ಬಂದೆ. ಟೇಪು ಎಳೆದರೆ ಕಿರ್ ಎನ್ನುತ್ತದೆ. ಹಾಗಾಗಿ ಕಾಗದ ಹಿಡಿದುಕೊಂಡು ಗೋಡೆಗಾನಿಕೊಂಡು ನಿಂತಿದ್ದೇನೆ. ಓದಬೇಕೆನ್ನುವವರು ಚಪ್ಪಲಿ ಕಳಚಿ ಬಂದು ನನ್ನ ಕೈಯಲ್ಲೇ ಓದಿಕೊಂಡು ಹೋಗತಕ್ಕದ್ದು. 16ರ ಬಾಗಿಲಿನಾಚೆ ಎರಡು ಗೊರಕೆ ಕೇಳಿಸುತ್ತಿವೆ. ಚಿಕ್ಕದು ಮೂಗು ಕಟ್ಟಿದ್ದು. ದೊಡ್ಡದು ಶುರುವಾಗಿ ಮೂವತ್ತೈದು ನಿಮಿಷವಾಯಿತು.

ಸ್ಟಾಮೆನ್, ನಿಲ್ಲಿಸಬೇಡ.