ಕೋದಂಡಪ್ಪ ಹಾಕಿದ ಶವಾಸನ

ಚಪ್ಪಲಿಯ ಬಾರು ಸರಿಮಾಡಲು ಬಗ್ಗಿದ ಕೋದಂಡಪ್ಪನಿಗೆ ಮತ್ತೆ ಏಳಲಾಗಲಿಲ್ಲ. ಹೊಟ್ಟೆ ಅಡ್ಡ ಬಂತು. ಉಸಿರು ಮೇಲೂ ಬಾರದೆ ಕೆಳಗೂ ಇಳಿಯದೆ, ಗಣಿಯೊಳಗೆ ಅರ್ಧ ದಾರಿಯಲ್ಲಿ ಕೆಟ್ಟು ನಿಂತ, ಆಳು ಇಳಿಸುವ ಕೇಜಿನ ಹಾಗೆ ಸಿಕ್ಕಿಕೊಂಡಿತು. ಹೆಂಡತಿ ಅನಸೂಯಮ್ಮ ಬಂದು ಎಬ್ಬಿಸಬೇಕಾಯಿತು.

ನಂದಿದುರ್ಗ ಚಿನ್ನದ ಗಣಿಯ, ಹಾಜರಿ ಬರೆಯುವ ಟೈಮಾಫೀಸಿನಲ್ಲಿ ಕೂತೂ ಕೂತೂ ಬೆಳೆಸಿದ ಹೊಟ್ಟೆ ಅದು. ಬಂಗಾರಪೇಟೆಯ ಭಾವಮೈದ ಮುನಿಸ್ವಾಮಪ್ಪ, ಇಸ್ಕೂಲಿನ ಡ್ರಿಲ್ ಮೇಷ್ಟ್ರು, ಉಪಾಯ ಹೇಳಿಕೊಟ್ಟ.

"ಗರಡಿ ಗಿರಡಿ ಏನೂ ಬ್ಯಾಡ ಭಾವ. ಎದ್ದ ತಕ್ಷಣ ಒಂದು ಚೆಂಬು ನೀರು ಕುಡಿ. ಕೈಕಾಲು ನೀಡಿ ಮಡಚು. ಆಮೇಲೆ ಶವಾಸನ. ದಿನಾ ಇಷ್ಟೇ ಮಾಡು ಸಾಕು. ಆದ್ರೆ ಶವಾಸನದಾಗೆ ಯಾರು ಕೂಗಿದ್ರೂ ಅಲ್ಲಾಡಬಾರ್ದು."

ಮರುದಿನ ಬೆಳಿಗ್ಗೆ ಅನಸೂಯಮ್ಮ ನಲ್ಲಿಯ ಹತ್ತಿರ ನೀರಿಗೆ ಹೋಗಿದ್ದಳು. ಕೋದಂಡಪ್ಪ ನೀರು ಕುಡಿದ, ಕೈಕಾಲು ನೀಡಿದ, ಮನೆ ಮುಂದಿನ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದ. ಮೈಯೆಲ್ಲ ಹಗುರವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಪಾಪಕ್ಕ ಬೆಂಕಿ ಕೇಳಲು ಬಂದಳು.

"ಕೋದಂಡಣ್ಣಾ..."

ಕೋದಂಡಪ್ಪ ಅಲ್ಲಾಡಲಿಲ್ಲ.

"ಅಯ್ಯಯ್ಯೋ! ಕೋದಂಡಣ್ಣ ಓಗ್ಬುಟ್ನಲ್ಲಪ್ಪೋ!"

ಗಣಿಯ ಸೈರನ್ನೂ ಅಷ್ಟು ದೂರ ಕೇಳಿಸುತ್ತಿರಲಿಲ್ಲ. ಗಣಿಯವರ ಮನೆಸಾಲಾದ ಆ ಲೈನಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಕುಪ್ಪುಸ್ವಾಮಿ ಪಂಚೆ ಕಟ್ಟಿಕೊಳ್ಳುತ್ತಲೇ ಓಡಿಬಂದ. ಹಿಂದಿನ ಮನೆಯ ವೆಂಕಟೇಶಪ್ಪ ಈರುಳ್ಳಿ ಜಜ್ಜಿ ಮೂಗಿಗೆ ತುರುಕಿದ. ಕೋದಂಡಪ್ಪ ಸೀನುತ್ತಾ ಎದ್ದು ಕೂರುವ ಹೊತ್ತಿಗೆ ಅವನನ್ನು ಹಗ್ಗದ ಮಂಚದ ಮೇಲೆ ಹಾಕಿ, ನಾಲ್ಕು ಜನ ಹೆಗಲು ಕೊಟ್ಟಾಗಿತ್ತು.

"ನಂಗೇನೂ ಆಗಿಲ್ಲ ಕಣ್ರೋ! ಇಳಿಸ್ರೋ!"

"ಮಾತಾಡಬ್ಯಾಡ ಅಣ್ಣೇ, ಇರೋ ಉಸಿರೂ ಓಗ್ತದೆ" ಎಂದ ಕುಪ್ಪುಸ್ವಾಮಿ, ಅಳುತ್ತಾ.

"ಪ್ರಾಣ ಓಗೋ ಮುಂದೆ ಎಲ್ರೂ ಇಂಗೇ ಅಂತಾರೆ" ಎಂದ ವೆಂಕಟೇಶಪ್ಪ.

ಬಿಂದಿಗೆ ಬಿಟ್ಟು ಓಡಿಬಂದ ಅನಸೂಯಮ್ಮನ ಮಾತನ್ನೂ ಯಾರೂ ಕೇಳಲಿಲ್ಲ. ಆಸ್ಪತ್ರೆಯ ಏರುದಾರಿಯಲ್ಲಿ ನಾಲ್ವರೂ ಏದುಸಿರು ಬಿಡುತ್ತಿದ್ದರು. ಮಂಚದ ಮೇಲಿನ ಕೋದಂಡಪ್ಪನ ಸಿಟ್ಟು ಮೆಲ್ಲಗೆ ಇಳಿಯಿತು. ನಿದ್ದೆಗೆಟ್ಟ ಕುಪ್ಪುಸ್ವಾಮಿಯ ಬೆನ್ನು ಬೆವರಿನಲ್ಲಿ ತೊಯ್ದುಹೋಗಿತ್ತು. ಸತ್ತ ಮೇಲೆ ಹೊರುವವರು ಎಲ್ಲರಿಗೂ ಸಿಗುತ್ತಾರೆ. ಬದುಕಿದ್ದಾಗಲೇ ಹೊರುವವರು ಯಾರಿಗುಂಟು ಎಂದುಕೊಂಡು ಕೋದಂಡಪ್ಪ ಕಣ್ಣೊರೆಸಿಕೊಂಡ.

ಆಸ್ಪತ್ರೆಯ ಡಾಕ್ಟರು ಎದೆ, ನಾಡಿ ಎಲ್ಲ ನೋಡಿ, ಶವಾಸನದ ಕತೆ ಕೇಳಿ, "ಇವರಿಗೆ ಏನೂ ಆಗಿಲ್ಲ. ದಿನಾ ಹಿಂಗೇ ಮಾಡ್ಲಿ, ಒಳ್ಳೇದು" ಎಂದರು.

"ಬದುಕವ್ನೆ!" ಎಂದು ಕುಪ್ಪುಸ್ವಾಮಿ ಸಂತೋಷದಿಂದ ಎಗರಿದ. ಎಗರಿದವನು ಆಸ್ಪತ್ರೆಯ ಮೆಟ್ಟಿಲಿನಿಂದ ಜಾರಿ ಬಿದ್ದ. ಕಾಲು ಉಳುಕಿತು. ನೆಲಕ್ಕೆ ಕಾಲೂರುವ ಹಾಗಿಲ್ಲ.

ವಾಪಸು ಬರುವಾಗ ಮಂಚದ ಮೇಲೆ ಕುಪ್ಪುಸ್ವಾಮಿ. ಹೊರಲು ಒಬ್ಬ ಕಡಿಮೆ. ಕೋದಂಡಪ್ಪ ಯಾರೂ ಕೇಳುವ ಮೊದಲೇ ಹೆಗಲು ಕೊಟ್ಟ.

"ಬ್ಯಾಡ ಅಣ್ಣೇ, ಪಾಪ ಬರ್ತದೆ ನಂಗೆ!"

"ಸುಮ್ಕಿರೋ. ನಿನ್ ಋಣ ಇಂಗಾದ್ರೂ ತೀರಲಿ."

ಲೈನಿನ ತಿರುವಿಗೆ ಬರುವಷ್ಟರಲ್ಲಿ ಅವನ ಸೊಂಟದಲ್ಲಿ ಏನೋ ಕಟಕ್ ಎಂದಿತು. ಉಳಿದ ಮೂವರು ಬೈದುಕೊಳ್ಳುತ್ತಾ, ಕುಪ್ಪುಸ್ವಾಮಿಯನ್ನು ಪಕ್ಕಕ್ಕೆ ಸರಿಸಿ, ಅದೇ ಮಂಚದ ಮೇಲೆ ಕೋದಂಡಪ್ಪನನ್ನೂ ಮಲಗಿಸಿ ಮನೆಗೆ ತಂದರು.

ಸಂಜೆ ಡಾಕ್ಟರು ಮನೆಗೇ ಬಂದು ನೋಡಿದರು. ಸೊಂಟ ವಾಸಿಯಾಗುವವರೆಗೆ ಕೈಕಾಲು ಅಲ್ಲಾಡಿಸಕೂಡದು, ವ್ಯಾಯಾಮದ ಹೆಸರೇ ಎತ್ತಕೂಡದು ಎಂದು ಅಪ್ಪಣೆ ಮಾಡಿ ಹೋದರು.

"ಎಲ್ಲಾ ನನ್ನಿಂದಾನೇ ಆಗಿದ್ದು" ಎಂದು ಪಾಪಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅನಸೂಯಾ, ಅಣ್ಣ ಎದ್ದು ಓಡಾಡೋಗಂಟ ನೀನು ಒಲೆ ಅಚ್ಚಬ್ಯಾಡ. ಲೈನಿನೋರು ಮಾತಾಡ್ಕೊಂಡಿದೀವಿ. ದಿನಾ ಒಬ್ಬೊಬ್ರ ಮನೆಯಿಂದ ಬತ್ತದೆ. ಇವತ್ತು ನಮ್ಮನೇದು."

ಇಂಥ ಜನರಿಗೆ ಏನಾದರೂ ಹೇಳಬೇಕೆಂದು ಕೋದಂಡಪ್ಪ ಬಾಯಿ ತೆರೆದ.

ಪಾಪಕ್ಕ ಆ ಬಾಯಿಗೆ ತುಪ್ಪ ಸವರಿದ ಒಬ್ಬಟ್ಟು ಇಟ್ಟಳು.