ಹದಿನಾಲ್ಕು ದಿನ ದೊಡ್ಡವಳಾದುದಕ್ಕೆ ಕ್ಷಮೆ ಕೋರಿ

ಮಾನ್ಯ ಕುಲಸಚಿವರೇ,

ತಮ್ಮ ತಾಂತ್ರಿಕ ವಿಶ್ವವಿದ್ಯಾಲಯದ ಸಮಯಪ್ರಜ್ಞೆಗೆ ಕುರುಗೋಡಿನ ಅತಿಥಿ ಉಪನ್ಯಾಸಕಿಯೊಬ್ಬಳ ಗೌರವಪೂರ್ವಕ ನಮಸ್ಕಾರಗಳು.

ಕುಡತಿನಿಯ ವಿದ್ಯುತ್ ಸ್ಥಾವರದ ಹಾರುಬೂದಿಗೆ ಸಿರುಗುಪ್ಪದ ರೈಸ್ ಮಿಲ್ಲುಗಳ ಹೊಟ್ಟಿನ ಬೂದಿ ಬೆರೆಸಿ, ಕಾಲುವೆಯ ನೀರು ಇಂಗಿಹೋಗದಂತೆ ಹಾಸುವ ಹಲಗೆ ತಯಾರಿಸುವುದರಲ್ಲಿ ನಾನು ಪಿಎಚ್.ಡಿ. ಮಾಡಿದ್ದೇನೆ. ಪ್ರಯೋಗಾಲಯದಲ್ಲಿ ಗೆದ್ದ ಹಲಗೆ ಹೊಲದಲ್ಲೂ ನಿಲ್ಲುತ್ತದೆಯೇ ಎಂದು ನೋಡಲು ಎರಡು ವರ್ಷ ಬೇಕಿತ್ತು. ಅಷ್ಟರಲ್ಲಿ ತಾವು ಇದೇ ವಿಷಯಕ್ಕೆ ಪೋಸ್ಟ್‌ಡಾಕ್ಟರಲ್ ಸಂಶೋಧಕರ ಹುದ್ದೆಯೊಂದನ್ನು ಪ್ರಕಟಿಸಿದಿರಿ. ಕೊನೆಯ ದಿನ ಮೇ ಇಪ್ಪತ್ತೆಂಟು. ಆ ದಿನಕ್ಕೆ ಮೂವತ್ತೈದು ತುಂಬಿರಬಾರದು. ನನಗೆ ತುಂಬುವುದು ಜೂನ್ ಒಂದಕ್ಕೆ. ಮೊದಲ ವಾರದಲ್ಲೇ ಅರ್ಜಿ ಹಾಕಿದೆ.

ಆಮೇಲೆ ತಮ್ಮ ಜಾಲತಾಣ ಕೆಲವರಿಗೆ ತೆರೆಯಲಿಲ್ಲವೆಂದು, 'ಅಭ್ಯರ್ಥಿಗಳ ಹಿತದೃಷ್ಟಿಯಿಂದ' ಕೊನೆಯ ದಿನವನ್ನು ಜೂನ್ ಹದಿನೈದಕ್ಕೆ ವಿಸ್ತರಿಸಿ, ಎಲ್ಲರ ವಯಸ್ಸನ್ನೂ ಅದೇ ದಿನಕ್ಕೆ ಎಣಿಸಿದಿರಿ. ತಮ್ಮ ಗುಮಾಸ್ತರು ಫೋನಿನಲ್ಲಿ ಬಹಳ ಮರ್ಯಾದೆಯಿಂದ, "ಮೇಡಮ್ಮಾರ, ಅರ್ಜಿ ಎಲ್ಲಾ ಸರಿ ಐತ್ರಿ, ವಯಸ್ಸೊಂದು ಹದಿನಾಲ್ಕು ದಿನ ಹೆಚ್ಚಾಗೈತಿ ನೋಡ್ರಿ" ಎಂದರು. ಅರ್ಜಿಯ ಜೊತೆಗೆ ವಯಸ್ಸನ್ನೂ ಬೆಳೆಸಿಕೊಡುವ ವಿಶ್ವವಿದ್ಯಾಲಯ ಬೇರೊಂದಿರಲಾರದು.

ಇದನ್ನು ಕೇಳಿದ ನನ್ನ ತಾಯಿ ಗುರುಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೀ ಹುಟ್ಟಿದ್ದು ಭತ್ತ ಕೊಯ್ಯೂವಾಗವ್ವಾ. ಸಾಲಿಗೆ ಸೇರಿಸ್ಲಿಕ್ಕ ಮಾಸ್ತರು ಆರು ತಿಂಗಳು ದೊಡ್ಡಾಕಿ ಮಾಡಿ ಬರದ್ರು" ಎಂದರು. ಮರುದಿನವೇ ತಿದ್ದುಪಡಿ ಕೇಳಲು ನಾನು ಓದಿದ ಹಚ್ಚೊಳ್ಳಿಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯ ಚನ್ನಬಸವರಾಜ ಅವರು ಹಳೆಯ ದಾಖಲಾತಿ ಪುಸ್ತಕ ತೆರೆದು, "ನಿಮ್ಮ ವರ್ಗದಾಗ ಮೂವತ್ತೊಂದು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ್ರಿ. ನಿಮ್ಮೊಬ್ಬರದು ತಿದ್ದಿದ್ರ ಉಳದೋರು ಏನ್ ಪಾಪ ಮಾಡ್ಯಾರ?" ಎಂದರು. ಪುಸ್ತಕ ಮುಚ್ಚಿಕೊಟ್ಟು ಬಸ್ಸು ಹಿಡಿದೆ.

ಆಗಸ್ಟಿನಲ್ಲಿ 'ಅರ್ಹರು ದೊರೆಯದ ಕಾರಣ ಹುದ್ದೆ ಖಾಲಿ' ಎಂದು ತಾವು ಪ್ರಕಟಿಸಿದಿರಿ. ಯಾರಿಗೂ ಅನ್ಯಾಯವಾಗದಂತೆ ಯಾರನ್ನೂ ತೆಗೆದುಕೊಳ್ಳದ ಈ ನಿಷ್ಪಕ್ಷಪಾತಕ್ಕೆ ತಲೆಬಾಗಿದೆ.

ಸುಮ್ಮನೆ ಕೂರಲಾಗದೆ, ಭಾನುವಾರಗಳಂದು ನಾನೇ ಹಲಗೆ ಎರಕ ಹೊಯ್ದು, ರಾರಾವಿಯ ದೊಡ್ಡಬಸಪ್ಪನವರ ಹೊಲಗಾಲುವೆಗೆ ನಲವತ್ತು ಮೀಟರ್ ಹಾಸಿದೆ. ನೀರು ಬಿಟ್ಟ ದಿನ, ಆರು ವರ್ಷದಿಂದ ಒಣಗಿದ್ದ ಅವರ ಗದ್ದೆಯ ಕೊನೆಯ ಮಡಿಗೆ ನೀರು ಹರಿದು ಬಂತು. ಅವರು ಚಪ್ಪಲಿ ಬಿಟ್ಟು ಮಡಿಯೊಳಗೆ ನಿಂತು, "ಕಾಲು ಮುಳುಗೈತ್ರಿ ಡಾಕ್ಟರಮ್ಮಾ, ಬರ್ರಿ, ನೀವೂ ನಿಂದರ್ರಿ" ಎಂದು ಕರೆದರು. ನಿಂತೆ, ಅತ್ತುಬಿಟ್ಟೆ. ಅದನ್ನು ತುಂಬಲು ತಮ್ಮ ಅರ್ಜಿಯಲ್ಲಿ ಕಾಲಂ ಇಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.

ಮುಂದಿನ ಸಲ ಕೊನೆಯ ದಿನಾಂಕವನ್ನು ಹಿಂದಕ್ಕೂ ವಿಸ್ತರಿಸುವ ಕೃಪೆ ಮಾಡಬೇಕೆಂದು ಬೇಡುವ,

ನಿಗದಿಗಿಂತ ಹೆಚ್ಚು ಬದುಕಿದ ತಮ್ಮ ವಿಶ್ವಾಸಿ,
ಡಾ. ಗಂಗೋತ್ರಿ

ಮರೆತ ಮಾತು: ಅದೇ ಹುದ್ದೆಯನ್ನು ಮತ್ತೆ ಪ್ರಕಟಿಸಿದ್ದು, ಸಂದರ್ಶನಕ್ಕೆ ವಿಷಯ ತಜ್ಞೆಯಾಗಿ ಬರಬೇಕೆಂಬ ತಮ್ಮ ಪತ್ರ ನಿನ್ನೆ ತಲುಪಿತು. ಖಂಡಿತ ಬರುತ್ತೇನೆ. ತಜ್ಞರಿಗೆ ಇಪ್ಪತ್ತು ವರ್ಷದ ಅನುಭವ ಇರಬೇಕೆಂಬ ನಿಯಮವಿದೆಯಂತೆ, ನನಗೆ ಅಷ್ಟಿಲ್ಲ. ಆದರೆ ಬೇಕೆನಿಸಿದಾಗ ನಿಯಮ ಸಡಿಲಿಸುವ ಅಧಿಕಾರ ಕುಲಸಚಿವರಿಗೆ ಮೊದಲಿನಿಂದಲೂ ಇದೆಯೆಂದು ತಮ್ಮ ಗುಮಾಸ್ತರು ಹೇಳಿದರು.