ಅಕ್ಕ ನನ್ನನ್ನು ಸಮುದ್ರಕ್ಕೆ ಇಳಿಸಿದ್ದು

ಒಂದು ಇಡೀ ದ್ವೀಪಕ್ಕೆ, ಆ ದ್ವೀಪದವರಿಗೇ ಗೊತ್ತಾಗದ ಹಾಗೆ, ಎರಡು ದಿನ ಸಾವಿನ ಸೂತಕ ಹಿಡಿಸಿದ ಹೆಂಗಸೊಬ್ಬರು ನಮ್ಮ ಮನೆತನದಲ್ಲಿದ್ದರು ಎಂದರೆ ನೀವು ನಂಬುವುದಿಲ್ಲ. ಅಜ್ಜಿಗೆ ವಯಸ್ಸಾಯಿತು, ಏನೋ ಹೇಳುತ್ತಾಳೆ ಎಂದು ನಿಮ್ಮನಿಮ್ಮಲ್ಲೇ ಕಣ್ಣು ಮಿಟುಕಿಸುತ್ತೀರಿ. ಮಿಟುಕಿಸಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳ ಬರಹ. ತಪ್ಪಿದ್ದರೆ ತಿದ್ದಿಕೊಳ್ಳಿ, ನಗು ಬಂದರೆ ಮಾತ್ರ ತಡೆದುಕೊಳ್ಳಬೇಡಿ.

ಆ ಹೆಂಗಸು ನಿಮ್ಮ ತಾತನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕುಣಿಗಲ್‌ನಲ್ಲಿ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿದವರು. ಕೆಲಸದಿಂದ ರಿಟೈರ್ ಆದರೇ ಹೊರತು ಮೇಡಂಗಿರಿಯಿಂದ ಆಗಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿದು ಕೊಟ್ಟ ಕಂಡಕ್ಟರನ ಕೈ ಹಿಡಿದು, "ಉಗುರು ಯಾವಾಗ ಕತ್ತರಿಸಿದ್ದು?" ಎಂದು ಕೇಳಿದವರು. ಆತನೂ ಪಾಪ, "ಭಾನುವಾರ ಮೇಡಂ" ಎಂದು ಉತ್ತರ ಕೊಟ್ಟ. ಬಿಸಿಲಿರಲಿ, ಮಳೆಯಿರಲಿ, ಎರಡೂ ಇಲ್ಲದಿರಲಿ, ಅಕ್ಕನ ಕೈಯಲ್ಲಿ ಒಂದು ಕರೀ ಕೊಡೆ.

ಅಕ್ಕನಿಗೆ ಎಷ್ಟು ಆತುರವೋ ನಿಮ್ಮ ತಾತನಿಗೆ ಅಷ್ಟು ನಿಧಾನ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರು ನಂಬಬೇಕು? ತಾತ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ತಪ್ಪಿತೆಂದು ಬೈಯಲು ವಾಪಸ್ ಬಂದಿರುತ್ತಿದ್ದರು.

ಮದುವೆಯಾದ ವರ್ಷವೇ ನಿಮ್ಮ ತಾತ ನನಗೊಂದು ಮಾತು ಕೊಟ್ಟಿದ್ದರು, ಸಮುದ್ರ ತೋರಿಸುತ್ತೇನೆ ಎಂದು. ಪ್ರತಿ ಬೇಸಿಗೆ ರಜಕ್ಕೂ ಹೊರಡುವ ಮಾತಾಗುತ್ತಿತ್ತು. ಪ್ರತಿ ಸಲವೂ ಏನೋ ಒಂದು ಅಡ್ಡ ಬರುತ್ತಿತ್ತು, ಬರದಿದ್ದರೆ ಅವರ ನಿಧಾನವೇ ಸಾಕಿತ್ತು. ಕೊನೆಗೆ ಗುಬ್ಬಿ ಕಡೆಯ ಅವರೂರು ಕಡಬಕ್ಕೆ ಹೋಗಿ, ಸಂಜೆ ಕೆರೆ ಏರಿಯ ಮೇಲೆ ನಿಲ್ಲಿಸಿ, "ಸದ್ಯಕ್ಕೆ ಇದನ್ನೇ ಸಮುದ್ರ ಅಂದ್ಕೊ" ಎನ್ನುತ್ತಿದ್ದರು. ನಾನೂ ಅಂದುಕೊಳ್ಳುತ್ತಿದ್ದೆ. ಬೇಸಿಗೆ ನೋಡಿ, ನನ್ನ ಸಮುದ್ರದಲ್ಲಿ ಎಮ್ಮೆಗಳು ಮೊಣಕಾಲುದ್ದ ನೀರಲ್ಲಿ ನಿಂತಿರುತ್ತಿದ್ದವು.

ಹಾಗೇ ಒಂದು ದಿನ ಅವರು ಹೋಗಿಬಿಟ್ಟರು. ಯಾವತ್ತೂ ಯಾವುದಕ್ಕೂ ಆತುರ ಮಾಡದವರು ಇದೊಂದಕ್ಕೆ ಯಾಕೆ ಅಷ್ಟು ಆತುರ ಮಾಡಿದರೋ. ಅದಾದ ಮೇಲೆ ಎರಡು ವರ್ಷ ನಾನು ತುಮಕೂರಿನ ಮನೆಯ ಗೇಟು ದಾಟಲಿಲ್ಲ.

ಅಕ್ಕನ ಮಗ ತುಮಕೂರಿನಲ್ಲಿ ಐಟಿಐ ಓದಿದ ಫಿಟ್ಟರ್. ಹಡಗು ರಿಪೇರಿ ಕೆಲಸ ಸಿಕ್ಕಿ ಮಾಲ್ಟಾ ಎಂಬ ದ್ವೀಪದಲ್ಲಿದ್ದ. ಇಟಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ, ಮ್ಯಾಪಿನಲ್ಲಿ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅಲ್ಲಿಯ ಬೇಸಿಗೆ ರಜಕ್ಕೆ ಬಾ ಎಂದು ಅವನು ಅಮ್ಮನನ್ನು ಕರೆದ. ಎರಡು ಟಿಕೆಟ್ ಕಳಿಸಿದರೆ ಬರುತ್ತೇನೆ ಎಂದರು ಅಕ್ಕ. ಮಾರನೇ ದಿನವೇ ಕುಣಿಗಲ್‌ನಿಂದ ಬಂದು ನಮ್ಮ ಮನೆಯ ಬಾಗಿಲಲ್ಲಿ ಕೊಡೆ ಊರಿ ನಿಂತರು.

"ಏಳೇ. ಫೋಟೋ ತೆಗೆಸ್ಬೇಕು."

"ಯಾಕಕ್ಕ?"

"ಪಾಸ್‌ಪೋರ್ಟ್‌ಗೆ. ನನ್ನ ತಮ್ಮ ನಿಂಗೆ ಸಮುದ್ರ ತೋರಿಸ್ತೀನಿ ಅಂದಿದ್ನೋ ಇಲ್ವೋ?"

"ಅಂದಿದ್ರು. ಅವರೇ ಇಲ್ವಲ್ಲ, ಈಗ್ಯಾಕೆ ಬುಡಿ."

"ಬುಡೋಕಾಗಲ್ಲ. ನಮ್ಮನೆಯವನು ಆಡಿದ ಮಾತು ಅದು. ಬರೀ ತೋರ್ಸೋದೇನು, ಕತ್ತಿನ ಮಟ್ಟ ಇಳಿಸ್ತೀನಿ. ಇಳಿಯೋವರೆಗೂ ನಿನ್ನ ಊರಿಗೆ ಕರ್ಕೊಂಡು ಬರಲ್ಲ."

ಫೋಟೋ ಸ್ಟುಡಿಯೋದಲ್ಲಿ ನಾನು ತಲೆ ಎತ್ತಲಿಲ್ಲ. ಅಪರಿಚಿತ ಗಂಡಸು ಅಷ್ಟು ದೊಡ್ಡ ಲೈಟು ಹಾಕಿ ನೋಡುತ್ತಿದ್ದರೆ ಹೇಗೆ ಎತ್ತುವುದು? ಮೂರು ಫೋಟೋ ತೆಗೆದ, ಮೂರರಲ್ಲೂ ನನ್ನ ಬೈತಲೆ ಬಂತು. ನಾಲ್ಕನೇ ಸಲ ಅಕ್ಕ ಅವನ ಬೆನ್ನ ಹಿಂದೆ ನಿಂತು, "ಒಲೆ ಮೇಲೆ ಹಾಲಿಟ್ಟು ಬಂದಿದ್ದೀಯಲ್ಲೇ!" ಎಂದು ಕೂಗಿದರು. ಬೆಚ್ಚಿಬಿದ್ದು ತಲೆ ಎತ್ತಿದೆ. ಅವನು ಕ್ಲಿಕ್ ಮಾಡಿದ. ಆ ಪಾಸ್‌ಪೋರ್ಟ್ ಬೀರುವಿನಲ್ಲಿದೆ, ತೆಗೆದು ನೋಡಿ. ಕಣ್ಣು ಬಿಟ್ಟುಕೊಂಡು, ಬಾಯಿ ಅರ್ಧ ತೆರೆದುಕೊಂಡು ನಿಂತಿದ್ದೇನೆ.

ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಆಫೀಸರು ಆ ಫೋಟೋವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದು ನೀವೇನಾ?" ಎಂದರು. ನಾನು ಮತ್ತೆ ತಲೆ ತಗ್ಗಿಸಿದೆ. ಅಕ್ಕ ಹಿಂದಿನಿಂದ ನನ್ನ ಕಿವಿಯ ಹತ್ತಿರ, "ಹಾಲು ಉಕ್ತು" ಎಂದರು. ಆಫೀಸರು ಕೂಡಲೇ ಸೀಲು ಒತ್ತಿದರು.

ಇಷ್ಟೆಲ್ಲ ಪಾಡು ಪಟ್ಟು ಹೋಗಿ ನೋಡಿದರೆ ಅಲ್ಲಿ ಇದ್ದದ್ದೇನು? ಕಲ್ಲು ನೆಲ, ಕಲ್ಲು ಪೇರಿಸಿದ ಗೋಡೆ, ಒಣ ಹುಲ್ಲು, ಬೇಲಿ ತುಂಬ ಪಾಪಸ್ ಕಳ್ಳಿ. ಗುಬ್ಬಿಯಿಂದ ಬಿದರೆಹಳ್ಳ ಕಾವಲಿನ ಬಯಲ ಕಡೆಗೆ ಏಪ್ರಿಲ್ ತಿಂಗಳಲ್ಲಿ ನಡೆದುಹೋದ ಹಾಗೇ ಇತ್ತು, ಬಿಸಿಲೂ ಸೇರಿ. ಒಬ್ಬಾತ ರಸ್ತೆ ಬದಿಯಲ್ಲಿ ಕಳ್ಳಿ ಹಣ್ಣನ್ನು ತಕ್ಕಡಿಯಲ್ಲಿ ತೂಗುತ್ತಿದ್ದ. ಅಕ್ಕ ಕಾರು ನಿಲ್ಲಿಸಿ ನೋಡಿದರು.

"ನಮ್ಮೂರಲ್ಲಿ ಕುರಿ ಕೂಡ ತಿನ್ನಲ್ಲ ಕಣೋ ಇದನ್ನ. ಇವ್ನು ತೂಗಿ ಮಾರ್ತಾವ್ನೆ!"

"ರುಚಿಯಾಗಿರ್ತದೆ ಕಣಮ್ಮ" ಎಂದ ಮಗ.

"ಮೂರು ತಿಂಗಳಿಗೊಂದ್ಸಲ ಊರಿಗೆ ಬಾರೋ. ನೀನು ಕೆಟ್ಟೋಗಿದ್ದೀಯ."

ಮೊದಲನೇ ದಿನ ಮಗ ಕೆಲಸಕ್ಕೆ ಹೋದ. ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಎದುರಿನ ಅಂಗಡಿ ಶಟರ್ ಎಳೆಯಿತು. ಪಕ್ಕದ್ದೂ ಎಳೆಯಿತು. ಮನೆಗಳ ಕಿಟಕಿಗಳು ಮುಚ್ಚಿದವು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಯಾರೋ ಹೋದ್ರು ಕಣೇ" ಎಂದರು.

ನಮ್ಮ ಕಡೆ ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಅಕ್ಕ ಬಂದವರೇ ಕುದಿಯುತ್ತಿದ್ದ ಸಾರಿನ ಕೆಳಗೆ ಗ್ಯಾಸ್ ಆರಿಸಿದರು. ನಾವಿಬ್ಬರೂ ಉಪವಾಸ ಕೂತೆವು. ನಾಲ್ಕು ಗಂಟೆಗೆ ಅಂಗಡಿಗಳು ತೆರೆದವು. "ಎತ್ತಿದ್ರು" ಎಂದು ಅಕ್ಕ ತಲೆಗೆ ನೀರು ಹಾಕಿಕೊಂಡು, ನನಗೂ ಹಾಕಿಸಿ, ಆಮೇಲೆ ಒಲೆ ಹಚ್ಚಲು ಬಿಟ್ಟರು.

ಎರಡನೇ ದಿನವೂ ಅದೇ ಗಂಟೆ, ಅದೇ ಶಟರು. "ಪಾಪ, ಗಂಡ ಹೆಂಡ್ತಿ ಇಬ್ರೂನೂ ಅಂತ ಕಾಣ್ತದೆ" ಎಂದು ಅಕ್ಕ ಮತ್ತೆ ಗ್ಯಾಸ್ ಆರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಎರಡು ಮನೆ ಆಚೆ ಬಾಗಿಲ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಕಪ್ಪು ಬಟ್ಟೆ ಉಟ್ಟ ಒಬ್ಬ ಮುದುಕಿ ಕೂತಿದ್ದರು. ಅಕ್ಕ ಹೋಗಿ ಅವರ ಕೈ ಹಿಡಿದುಕೊಂಡು, ಶುದ್ಧ ಕನ್ನಡದಲ್ಲಿ ಹತ್ತು ನಿಮಿಷ ಸಮಾಧಾನ ಹೇಳಿದರು. "ಧೈರ್ಯ ತಗೋಬೇಕಮ್ಮ. ನಮ್ಮ ಕೈಯಲ್ಲಿ ಏನೈತೆ?" ಆ ಮುದುಕಿ ಮೊದಲು ಗಾಬರಿಯಾಗಿ ನೋಡಿದರು. ಆಮೇಲೆ ಅವರೂ ಏನೇನೋ ಹೇಳಿಕೊಂಡು ಕಣ್ಣೊರೆಸಿಕೊಂಡರು.

ಸಂಜೆ ಮಗ ಬಂದು ವಿಷಯ ಕೇಳಿ ನೆಲದ ಮೇಲೆ ಕೂತುಬಿಟ್ಟ. "ಅಮ್ಮ, ಯಾರೂ ಸತ್ತಿಲ್ಲ ಕಣಮ್ಮ. ಬಿಸಿಲು ಅಂತ ಮಧ್ಯಾಹ್ನ ಎಲ್ರೂ ಮನಗ್ತಾರೆ. ದಿನಾ ಹಿಂಗೇನೆ."

"ಊರಿಗೂರೇ?"

"ಊರಿಗೂರೇ."

"ನನ್ನ ಕ್ಲಾಸಲ್ಲಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ" ಎಂದರು ಅಕ್ಕ. "ಹಂಗಾದ್ರೆ ಆ ಅಜ್ಜಿ ಯಾಕತ್ರು?"

ಅವನು ಹೋಗಿ ವಿಚಾರಿಸಿಕೊಂಡು ಬಂದ. ಅವರ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತಂತೆ. ಇತ್ತೀಚೆಗೆ ಬಂದು ಕೈ ಹಿಡಿದು ವಿಚಾರಿಸಿದವರು ಅಕ್ಕ ಒಬ್ಬರೇ ಅಂತೆ.

ಇನ್ನು ಸಮುದ್ರದ ವಿಷಯ. ದಿನಾ ಬೆಳಿಗ್ಗೆ ಅಕ್ಕ ನನ್ನನ್ನು ಸಮುದ್ರದ ದಂಡೆಗೆ ಹೊರಡಿಸುತ್ತಿದ್ದರು. ಅಲ್ಲಿ ನೋಡಿದರೆ ಜನ ನಮ್ಮಲ್ಲಿ ಹಪ್ಪಳ ಒಣಗಿಸಿದ ಹಾಗೆ ಸಾಲಾಗಿ ಮಲಗಿರುತ್ತಿದ್ದರು, ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲು. ಮೈಮೇಲಿನ ಬಟ್ಟೆಯ ವಿಷಯ ನಾನು ಬರೆಯುವುದಿಲ್ಲ. ಒಬ್ಬಾಕೆ ಕೆಂಪು ಮೆಣಸಿನಕಾಯಿಯಷ್ಟು ಕೆಂಪಾಗಿ ನಿದ್ದೆ ಹೋಗಿದ್ದರು. ಅಕ್ಕನಿಗೆ ತಡೆಯಲಾಗಲಿಲ್ಲ. ಹೋಗಿ ಕೊಡೆ ಹಿಡಿದು ನಿಂತರು. ಆಕೆ ನೆರಳು ಬಿತ್ತೆಂದು ನಿದ್ದೆಗಣ್ಣಲ್ಲೇ ಬಿಸಿಲಿಗೆ ಸರಿದರು. ಅಕ್ಕನೂ ಸರಿದರು. ಆಕೆ ಮತ್ತೆ ಸರಿದರು, ಕೊಡೆಯೂ ಮತ್ತೆ ಹಿಂದೆಯೇ ಹೋಯಿತು. ಕೊನೆಗೆ ಆಕೆ ಎದ್ದು ಕೂತು ಇಂಗ್ಲಿಷಿನಲ್ಲಿ ಏನೋ ಜೋರಾಗಿ ಹೇಳಿದರು. ಅಕ್ಕ ಕೈ ಅಡ್ಡ ಆಡಿಸಿ, "ನೋ ಥ್ಯಾಂಕ್ಸ್. ಮೈ ಡ್ಯೂಟಿ" ಎಂದರು.

ನಾನು ಮಾತ್ರ ಒಂದು ದಿನವೂ ನೀರಿಗೆ ಇಳಿಯಲಿಲ್ಲ. ಬಂಡೆಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದೆ. ಅಷ್ಟು ಜನರ ಎದುರು ಸೀರೆ ಎತ್ತಿ ಪಾದ ತೋರಿಸುವುದು ಹೇಗೆ ಎನ್ನುತ್ತಿದ್ದೆ. ಅದೂ ನಿಜವೇ. ಆದರೆ ಒಳಗೆ ಇನ್ನೊಂದಿತ್ತು, ಯಾರಿಗೂ ಹೇಳಿರಲಿಲ್ಲ. ನಿಮ್ಮ ತಾತ ಇಲ್ಲದೆ ನಾನು ಸಮುದ್ರಕ್ಕೆ ಇಳಿದರೆ, ಅವರು ಕೊಟ್ಟ ಮಾತು ತಪ್ಪಿದರು ಎಂದು ನಾನೇ ಒಪ್ಪಿಕೊಂಡ ಹಾಗಲ್ಲವೇ? ಇಳಿಯದಿದ್ದರೆ ಆ ಮಾತು ಇನ್ನೂ ಬಾಕಿ ಇರುತ್ತದೆ. ಬಾಕಿ ಇದ್ದರೆ, ಅವರೂ ಎಲ್ಲೋ ಚಪ್ಪಲಿ ಹಾಕಿಕೊಳ್ಳುತ್ತಾ ಇದ್ದಾರೆ ಎಂದುಕೊಳ್ಳಬಹುದು.

ಹೀಗೇ ಹದಿನಾಲ್ಕು ದಿನ ಕಳೆಯಿತು. ಮಾರನೇ ದಿನ ರಾತ್ರಿ ನಮ್ಮ ವಿಮಾನ. ಅಕ್ಕ ಮಗನಿಗೆ, "ಟಿಕೆಟ್ ಮುಂದಕ್ಕೆ ಹಾಕ್ಸು" ಎಂದರು.

"ಎಷ್ಟು ದಿನಕ್ಕಮ್ಮ?"

"ಇವ್ಳು ಇಳಿಯೋವರೆಗೆ."

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ಇಳಿದುಬುಡಿ" ಎಂದು ಅವನು ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದೆ.

ಕೊನೆಯ ದಿನ ಬೆಳಿಗ್ಗೆ ಅಕ್ಕ ಸಮುದ್ರದ ಸುದ್ದಿಯೇ ಎತ್ತಲಿಲ್ಲ. ಸೋತರು ಎಂದುಕೊಂಡೆ. ಮಧ್ಯಾಹ್ನ ಗಂಟೆ ಹೊಡೆಯಿತು. ಶಟರುಗಳು ಇಳಿದವು, ಕಿಟಕಿಗಳು ಮುಚ್ಚಿದವು. ಕಾಯುತ್ತಿದ್ದವರ ಹಾಗೆ ಅಕ್ಕ ಎದ್ದು ಕೊಡೆ ತೆಗೆದುಕೊಂಡರು.

"ಏಳೇ. ಊರೇ ಮನಗೈತೆ. ಈಗ ಯಾರು ನೋಡ್ತಾರೆ ನಿನ್ನ ಪಾದಾನ?"

ಸೆರಗು ಹೊದ್ದು ಅವರ ಹಿಂದೆ ಹೊರಟೆ. ಮನೆಯ ಹಿಂದಿನ ಕಲ್ಲು ಮೆಟ್ಟಿಲು ಇಳಿದು ಹೋದರೆ ಒಂದು ಚಿಕ್ಕ ದಂಡೆ. ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು, ಸೀರೆ ಸಮೇತ ನೀರಿಗೆ ಕಾಲಿಟ್ಟರು. ಪಾದ ಮುಳುಗಿತು. ಮೊಣಕಾಲು ಮುಳುಗಿತು. ಸೀರೆಗಳು ನೀರಿನ ಮೇಲೆ ಬುಟ್ಟಿಯ ಹಾಗೆ ಉಬ್ಬಿಕೊಂಡವು. ಸೊಂಟದ ಮಟ್ಟಕ್ಕೆ ಬಂದಾಗ ನಾನು ನಿಂತುಬಿಟ್ಟೆ.

"ಸಾಕು ಅಕ್ಕ. ನನಗೆ ಭಯ ಆಯ್ತದೆ."

"ಕಣ್ಣು ಮುಚ್ಕೊ" ಎಂದರು ಅಕ್ಕ. "ಇದನ್ನ ಕಡಬದ ಕೆರೆ ಅಂದ್ಕೊ."

ಕೆರೆ ಏರಿಯ ಮಾತು ನನಗೂ ನಿಮ್ಮ ತಾತನಿಗೂ ನಡುವೆ ಮಾತ್ರ ಇದ್ದದ್ದು ಎಂದುಕೊಂಡಿದ್ದೆ. ಅದನ್ನು ಅವರು ತಮ್ಮ ಅಕ್ಕನಿಗೆ ಯಾವಾಗ ಹೇಳಿದ್ದರೋ, ಎಷ್ಟು ನಾಚಿಕೆಪಟ್ಟುಕೊಂಡು ಹೇಳಿದ್ದರೋ. ಕಣ್ಣು ಮುಚ್ಚಿದೆ. ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ನೀರು ಕತ್ತಿಗೆ ಬಂತು, ತುಟಿಗೆ ಉಪ್ಪು ಹತ್ತಿತು. ಕಣ್ಣು ಬಿಟ್ಟು ನೋಡಿದರೆ, ಅಕ್ಕನೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಅವರಿಗೂ ಈಜು ಬರುತ್ತಿರಲಿಲ್ಲ, ಅವರೂ ಅದೇ ಮೊದಲ ಸಲ ಸಮುದ್ರಕ್ಕೆ ಇಳಿದಿದ್ದರು. ಕೊಡೆ ಮಾತ್ರ ಅಲುಗಾಡದೆ ನನ್ನ ತಲೆಯ ಮೇಲಿತ್ತು.

"ಇಳಿದ್ಯಲ್ಲ" ಎಂದರು ಅಕ್ಕ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ತಮ್ಮ ಮಾತು ತಪ್ಪೋನಲ್ಲ ಕಣೇ. ನಿಧಾನ, ಅಷ್ಟೇ."